ಹಿನ್ನೀರಿನಲ್ಲಿ ನೀರು ಕೇಳಿದವಳು

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವಗಿವ್ವ ನಂಬುವ ಪೈಕಿ ಅಲ್ಲ. ಮೇಲವಂಕಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಅಮಾವಾಸ್ಯೆಯ ಮಾರನೇ ದಿನ ಮೂರು ದಾರಿ ಕೂಡುವಲ್ಲಿ ಯಾರೋ ಇಳಿತೆಗೆದು ಇಟ್ಟ ನಿಂಬೆಹಣ್ಣನ್ನು ಎತ್ತಿಕೊಂಡು ಬಂದು, ಮಕ್ಕಳ ಎದುರಿಗೇ ಹಿಂಡಿ ಪಾನಕ ಮಾಡಿ ಕುಡಿದವಳು. ಅವತ್ತು ನನ್ನ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು.

ಹಾಗಾಗಿ ಇದನ್ನು ಓದಿ ನಗುವವರು ನಗಲಿ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ನಡೆದದ್ದು ನನಗೆ ಮತ್ತು ನನ್ನ ಗಂಡನಿಗೆ, ಹೋದ ಬೇಸಿಗೆಯಲ್ಲಿ, ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ. ಒಂದಕ್ಷರ ಹೆಚ್ಚು ಸೇರಿಸಿಲ್ಲ. ಕೆಲವು ಕಡೆ ಕಡಿಮೆಯೇ ಹೇಳಿದ್ದೇನೆ.

ನಮ್ಮವರ ಹೆಸರು ಮಿಲಿಂದ. ಹತ್ತರಗಿಯಲ್ಲಿ ಹೈವೇ ಬಾಜೂ ಟೆಂಪೋ, ಟ್ರಕ್ಕುಗಳಿಗೆ ಬಾಡಿ ಕಟ್ಟುವ ಶೆಡ್ ಇತ್ತು ಇವರದು. ಮೂರು ವರ್ಷದ ಹಿಂದೆ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ಮಂಗಳವಾರ, ಗುರುವಾರ, ಶನಿವಾರ ಗೋಕಾಕದಲ್ಲಿ ಡಯಾಲಿಸಿಸ್.

ಈ ರೋಗ ಮನೆಯಲ್ಲಿ ಇಲ್ಲದವರಿಗೆ ಒಂದು ಮಾತು ತಿಳಿದಿರಲಿ. ಇವರಿಗೆ ಮೂತ್ರ ಹೋಗುವುದಿಲ್ಲ. ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ. ಹೆಚ್ಚಾದರೆ ಎದೆಗೆ ಇಳಿದು ಉಸಿರು ಕಟ್ಟುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಅದಕ್ಕೇ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಗೆರೆ ಹಾಕಿಕೊಡುತ್ತಾರೆ. ಇವರಿಗೆ ಮುಕ್ಕಾಲು ಲೀಟರ್. ಚಹಾ, ಸಾರು, ಗುಳಿಗೆ ನುಂಗುವ ನೀರು, ಎಲ್ಲ ಅದರಲ್ಲೇ. ದಿನಾ ಸಂಜೆ ತೂಕ ನೋಡಬೇಕು. ಒಂದೇ ದಿನದಲ್ಲಿ ತೂಕ ಏರಿದರೆ ಅದು ಊಟದ ತೂಕವಲ್ಲ, ನೀರಿನದು.

ಆ ಮುಕ್ಕಾಲು ಲೀಟರಿನ ಕಾವಲು ನನ್ನದು. ಬೇಸಿಗೆಯಲ್ಲಿ ಇವರು ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಾ ನನ್ನ ಮುಖ ನೋಡುವಾಗ ನಾನು ಬೇರೆ ಕಡೆ ತಿರುಗುತ್ತೇನೆ. ದಿನಕ್ಕೆ ಇಪ್ಪತ್ತು ಸಲ "ಇಲ್ರಿ, ಆತು ಇವತ್ತಿಂದು" ಎನ್ನುತ್ತೇನೆ. ಒಮ್ಮೆ ಸ್ನಾನ ಮಾಡುತ್ತಾ ಕದ್ದು ನೀರು ಕುಡಿದು ಮೂರು ದಿನ ಐಸಿಯುನಲ್ಲಿದ್ದರು. ಅಲ್ಲಿಂದ ಮುಂದೆ ಇವರು ಸ್ನಾನಕ್ಕೆ ಹೋದರೆ ನಾನು ಬಚ್ಚಲ ಬಾಗಿಲ ಹೊರಗೆ ನಿಂತು, ನೀರು ಮೈಮೇಲೆ ಬೀಳುವ ಸದ್ದು ಕೇಳಿಸಿಕೊಳ್ಳುತ್ತಿದ್ದೆ.

"ಹಾಜರಿ ತಗೊಳ್ಳಾಕ ಬಂದೀರೇನ ಅಕ್ಕೋರ?" ಎಂದು ಒಳಗಿನಿಂದ ಕೇಳುವರು. ಶಾಲೆಯ ಮಕ್ಕಳು ಕರೆದಂತೆ ಅಕ್ಕೋರ ಎಂದರೆ ಇವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದು ಅರ್ಥ.

ಗಾಡಿಯ ವಿಷಯಕ್ಕೆ ಬರುತ್ತೇನೆ. ಡಯಾಲಿಸಿಸ್ ಶುರುವಾದ ಮೇಲೆ ಊರು ಬಿಟ್ಟು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಫೋನಿನಲ್ಲಿ ಯಾವುದೋ ದೇಶದ ಗಂಡಹೆಂಡಿರು ಮನೆಯಂಥ ಗಾಡಿಯನ್ನು ಕೆರೆ ದಂಡೆಗೆ ನಿಲ್ಲಿಸಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗುವುದನ್ನು ನೋಡಿ ಇವರು ಹಟ ಹಿಡಿದರು. ಹಳೇ ಟೆಂಪೋ ಟ್ರಾವೆಲರ್ ಒಂದನ್ನು ತಂದು, ಶೆಡ್ಡಿನಲ್ಲಿ ಕುಳಿತು, ತಾವು ಹೇಳುತ್ತಾ ಕೆಲಸದವರಿಂದ ಮಾಡಿಸಿ, ಒಂದು ವರ್ಷದಲ್ಲಿ ಅದನ್ನು ಮನೆ ಮಾಡಿದರು. ಎರಡು ಮಂಚ, ಗ್ಯಾಸ್ ಒಲೆ, ಪುಟ್ಟ ಬಚ್ಚಲು. ಕೆಳಗೆ ಎಂಬತ್ತು ಲೀಟರಿನ ನೀರಿನ ಟಾಕಿ, ಅದರ ಬಾಜೂ ಸಣ್ಣ ಪಂಪು. ಒಳಗೆ ನಳ ತಿರುಗಿಸಿದರೆ ಸಾಕು, ಪಂಪು ಗುರ್ರ್ ಎಂದು ತಾನೇ ಶುರುವಾಗುತ್ತಿತ್ತು.

ಆ ಸದ್ದು ನನಗೆ ಭಾಳ ಅನುಕೂಲವಾಗಿತ್ತು. ನಾನು ಮಲಗಿದ್ದಾಗಲೂ ನಳ ಯಾರು ಮುಟ್ಟಿದರು ಎಂದು ಗೊತ್ತಾಗುತ್ತದಲ್ಲ.

ಶಾಲೆಗೆ ಬೇಸಿಗೆ ರಜೆ ಬಿದ್ದಿತ್ತು. ಶನಿವಾರದ ಡಯಾಲಿಸಿಸ್ ಮುಗಿಸಿ, ಭಾನುವಾರ ಮಧ್ಯಾಹ್ನ ಹೊರಟೆವು. ಒಂದೇ ರಾತ್ರಿ. ಸೋಮವಾರ ವಾಪಸು ಬಂದರೆ ಮಂಗಳವಾರ ಮತ್ತೆ ಆಸ್ಪತ್ರೆ. ಇವರು ಹಾಡು ಗುನುಗುತ್ತಾ ಗಾಡಿ ಓಡಿಸುತ್ತಿದ್ದರು. ಅಷ್ಟು ಖುಷಿಯಾಗಿ ಇವರನ್ನು ನೋಡಿ ಎಷ್ಟು ದಿನವಾಗಿತ್ತೋ.

ಬೇಸಿಗೆಯಲ್ಲಿ ಡ್ಯಾಮಿನ ನೀರು ಹಿಂದೆ ಸರಿಯುತ್ತದೆ. ಸರಿದ ಮೇಲೆ, ಡ್ಯಾಮು ಕಟ್ಟುವಾಗ ಮುಳುಗಡೆಯಾದ ಹಳ್ಳಿಗಳ ತಳಪಾಯಗಳು ಅಲ್ಲಲ್ಲಿ ಮೇಲೇಳುತ್ತವೆ. ನಾವು ಇಳಿದದ್ದು ಅಂಥ ಒಂದು ಕಡೆ. ಮಣ್ಣಿನ ದಾರಿ ನೀರಿನ ದಂಡೆಯವರೆಗೂ ಹೋಗಿತ್ತು. ಬಿರುಕು ಬಿಟ್ಟ ನೆಲ, ಒಣಗಿದ ಪಾಚಿಯ ಮತ್ತು ಮೀನಿನ ವಾಸನೆ, ಕಣ್ಣು ಹೋದಷ್ಟು ದೂರ ನೀರು. ಒಂದು ನರಪಿಳ್ಳೆಯೂ ಇರಲಿಲ್ಲ.

ಒಬ್ಬರು ಮಾತ್ರ ಇದ್ದರು. ನೀರು ಸರಿದ ನೆಲದಲ್ಲಿ ಕಲ್ಲಂಗಡಿ ಹಾಕಿ, ದಿಬ್ಬದ ಮೇಲೆ ಗುಡಿಸಲು ಕಟ್ಟಿಕೊಂಡಿದ್ದ ನಿಂಗಪ್ಪ ಕಾಕಾ. ಕಣಗಲಾ ಕಡೆಯವರಂತೆ. ಬೆಳೆಗೆ ಕಾಡುಹಂದಿ ಬೀಳದಂತೆ ಕಾಯಲು ರಾತ್ರಿಯೂ ಅಲ್ಲೇ ಇರುತ್ತಿದ್ದರು. ಗಾಡಿಯ ಒಳಗೆಲ್ಲ ಇಣುಕಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಮನಿನ ಹೊತಗೊಂಡು ಬಂದೀರಲ್ರಿ ಸರ. ಈ ಕಡೆ ನಿಂದರಸಬ್ಯಾಡ್ರಿ, ಗಾಲಿ ಹುಗಿತಾವು. ಅಲ್ಲಿ ಮ್ಯಾಲ ಗಟ್ಟಿ ನೆಲಾ ಐತಿ, ಆ ಕಡೆ ತಗೋರಿ."

ಅವರು ತೋರಿಸಿದ ಕಡೆ ಹತ್ತಹನ್ನೆರಡು ಮನೆಗಳ ತಳಪಾಯ ಇತ್ತು. ಮಂಡಿ ಎತ್ತರದ ಕಲ್ಲುಸಾಲುಗಳು. ಅಲ್ಲಿಂದ ಪಶ್ಚಿಮಕ್ಕೆ ಒಂದು ಬಾವಿಯ ಉಂಗುರ, ಒಳಗೆ ಬಾಯಿತನಕ ಹೂಳು. ಬಾವಿಯಿಂದಾಚೆ ದೊಡ್ಡ ದೊಡ್ಡ ತಳಪಾಯಗಳು, ಒಂದಕ್ಕೊಂದು ಅಂಟಿಕೊಂಡು.

ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ನಮ್ಮವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಸುಜಾತಾ, ನಾವು ನಿಂತದ್ದು ಎಲ್ಲಿ ಗೊತ್ತೈತೇನ? ಕೇರ್ಯಾಗ."

"ಹೆಂಗ ಹೇಳ್ತೀರಿ?"

"ನೋಡ ಅಲ್ಲಿ. ಊರು ಆ ಕಡೆ. ಬಾವಿ ನಡಕ. ಈ ಹತ್ತ ಮನಿ ಮಾತ್ರ ಮೂಡಲ ದಿಕ್ಕಿಗೆ, ದೂರ. ಇದನ್ನ ಗುರ್ತ ಹಿಡ್ಯಾಕ ಯಾರೂ ಹೇಳಿಕೊಡೂದ ಬ್ಯಾಡ ನಮಗ."

ಬೇಕಾಗಿಲ್ಲ, ನಿಜ. ನಾವು ಬೌದ್ಧರು. ನಮ್ಮ ಅಜ್ಜ ಅಜ್ಜಿಯರು ಇಂಥ ಕೇರಿಗಳಲ್ಲೇ ಹುಟ್ಟಿ ಬೆಳೆದವರು. ಅತ್ತೆ ಹೇಳುತ್ತಿದ್ದರು, ಅವರ ತಾಯಿ ಬಾವಿಯ ಹತ್ತಿರ ಹೋಗುವ ಹಾಗಿರಲಿಲ್ಲ. ದೂರ ಕುಳಿತು, ಊರಿನ ಹೆಂಗಸರು ಯಾರಾದರೂ ಬಂದು ಸೇದಿ ಮೇಲಿನಿಂದ ಹೊಯ್ಯಲಿ ಎಂದು ಕಾಯಬೇಕಿತ್ತಂತೆ. ಕೆಲವು ದಿನ ಹೊತ್ತು ಮುಳುಗುವ ತನಕ.

ಇದು ನಮ್ಮ ಊರೇನೂ ಅಲ್ಲ. ನಮಗೆ ಸಂಬಂಧವೂ ಇಲ್ಲ. ಆದರೂ ಇವರು ಮುರಿದ ಗೋಡೆಯ ಕಲ್ಲೊಂದನ್ನು ಸವರಿ ಬಂದು ಕುಳಿತರು.

ಸಂಜೆ ಆರಕ್ಕೆ ತೂಕ ನೋಡಿದೆ. ಐವತ್ತೆಂಟು ಕಿಲೋ. ಡೈರಿಯಲ್ಲಿ ಬರೆದಿಟ್ಟೆ. ಎರಡು ರೊಟ್ಟಿ, ಉಪ್ಪಿಲ್ಲದ ಬದನೆಕಾಯಿ ಪಲ್ಲೆ. ರಾತ್ರಿಯ ಗುಳಿಗೆಗೆ ಎರಡು ಗುಟುಕು ನೀರು. ಅಲ್ಲಿಗೆ ದಿನದ ಲೆಕ್ಕ ಮುಗಿಯಿತು.

"ಸುತ್ತ ಇಷ್ಟ ನೀರ ಐತಿ..." ಎಂದರು ಹಿನ್ನೀರಿನ ಕಡೆ ನೋಡುತ್ತಾ.

ಮಲಗುವ ಮುಂಚೆ ಕುಡಿಯುವ ನೀರಿನ ಬಾಟಲಿಯನ್ನು ನನ್ನ ದಿಂಬಿನ ಕೆಳಗೆ ಇಟ್ಟುಕೊಂಡೆ.

ಎಷ್ಟು ಹೊತ್ತಾಗಿತ್ತೋ... ಗುರ್ರ್...

ಕಣ್ಣು ಬಿಟ್ಟೆ. ಪಂಪು.

ಪಕ್ಕದ ಮಂಚದಲ್ಲಿ ಇವರಿಲ್ಲ. ಒಲೆಯ ಬಾಜೂ ನಳದ ಮುಂದೆ, ಕತ್ತಲಲ್ಲಿ, ಬೆನ್ನು ಮಾಡಿ ನಿಂತಿದ್ದಾರೆ. ಕೈಯಲ್ಲಿ ಲೀಟರಿನ ತಂಬಿಗೆ.

ಒಂದೇ ಜಿಗಿತಕ್ಕೆ ಹೋಗಿ ತಂಬಿಗೆ ಕಸಿದುಕೊಂಡೆ. ಅರ್ಧ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು.

"ಎಷ್ಟ ಕುಡದ್ರಿ? ಖರೆ ಹೇಳ್ರಿ, ಎಷ್ಟ ಕುಡದ್ರಿ?"

"ಒಂದ ಹನಿ ಕುಡದಿಲ್ಲ."

"ಮತ್ತ ಇದೇನ? ಅವತ್ತೂ ಹಿಂಗ ಅಂದಿದ್ರಿ. ನಾ ಏನ ನಿಮ್ಮ ವೈರಿ ಏನ್ರಿ?"

ನನಗೆ ಅಳು ಬಂದುಬಿಟ್ಟಿತ್ತು. ಇವರು ನನ್ನ ಭುಜ ಹಿಡಿದು, ಬಾಯಿ ಮುಚ್ಚುವಂತೆ ಸನ್ನೆ ಮಾಡಿದರು.

"ಸುಮ್ಮನಿರು. ಹೊರಗ ಯಾರೋ ನೀರ ಕೇಳಾಕತ್ತಾರ. ಕೇಳ ಇಲ್ಲಿ."

ನಾನು ಕಿವಿಗೊಟ್ಟೆ. ದಂಡೆಗೆ ನೀರು ತಾಗುವ ಸಣ್ಣ ಸದ್ದು... ದೂರದಲ್ಲಿ ಯಾವುದೋ ಹಕ್ಕಿ... ಮತ್ತೆ ಏನೂ ಇಲ್ಲ. ಇವರು ನಾಟಕ ಮಾಡುತ್ತಿದ್ದಾರೆ ಎಂದು ಬಾಯಿ ತೆಗೆಯಬೇಕು, ಅಷ್ಟರಲ್ಲಿ...

"ಯವ್ವಾ... ಒಂದೀಟ ನೀರ ಹಾಕವ್ವಾ..."

ಮುದುಕಿಯ ದನಿ. ಗಾಡಿಯ ಹತ್ತಿರದ್ದಲ್ಲ, ಸ್ವಲ್ಪ ದೂರದ್ದು. ಬೇಡುವ ದನಿಯೂ ಅಲ್ಲ, ದಿನಾ ಕೇಳಿ ರೂಢಿಯಾದವರ ದನಿ.

ಕಿಟಕಿಯ ಪರದೆ ಸರಿಸಿದೆ. ಗಾಡಿಯ ಹೊರಗಿನ ದೀಪ ಉರಿಯುತ್ತಿತ್ತು. ಅದರ ಬೆಳಕು ಮುಗಿಯುವ ಕಡೆ ಒಬ್ಬಳು ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ತಲೆಯ ಮೇಲೆ ಸೆರಗು, ಮುಖ ಕಾಣಲಿಲ್ಲ. ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಮುಂದೆ ಚಾಚಿದ್ದಳು.

ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಅನುಮಾನ. ನಿಂಗಪ್ಪ ಕಾಕಾನ ಮನೆಯವರು ಇರಬೇಕು. ಇಲ್ಲವೇ ಯಾರೋ ದಾರಿ ತಪ್ಪಿದ ಮುದುಕಿ. ಇಷ್ಟು ದೊಡ್ಡ ಹಿನ್ನೀರಿನ ದಂಡೆಯಲ್ಲಿ ಕುಳಿತು ನಮ್ಮನ್ನೇಕೆ ನೀರು ಕೇಳಬೇಕು ಎಂದು ಆಗ ಹೊಳೆಯಲೇ ಇಲ್ಲ.

"ಈ ಕಡೆ ಬಾ ಆಯಿ," ಎಂದು ಕೂಗಿದೆ. "ತಂಬಿಗಿ ಕೊಡ್ತೀನಿ, ಬೇಕಾದಷ್ಟ ಕುಡಿ."

ಅವಳು ಅಲ್ಲಾಡಲಿಲ್ಲ.

"ಮುಟ್ಟಬಾರದವ್ವಾ. ಮ್ಯಾಲಿಂದ ಹಾಕು."

ಇವರ ಕೈ ನನ್ನ ಭುಜದ ಮೇಲೇ ಇತ್ತು. ಅದನ್ನು ತೆಗೆದು ಕಿಟಕಿಯ ಹತ್ತಿರ ಬಗ್ಗಿದರು. ಇಂದಿನ ದಿನದಲ್ಲಿ ಯಾರು ಹೀಗೆ ಕೂರುತ್ತಾರೆ? ನಮ್ಮ ಕಡೆ ಎಷ್ಟೋ ಹಳ್ಳಿಗಳಲ್ಲಿ ಎಷ್ಟೋ ಕೆಟ್ಟದ್ದು ಇನ್ನೂ ಉಳಿದಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ರಾತ್ರಿ ಹೊತ್ತಿನಲ್ಲಿ, ಯಾರೂ ಕೇಳದಿದ್ದರೂ, ತಾನಾಗಿಯೇ ದೂರ ಕುಳಿತು ಬೊಗಸೆ ಒಡ್ಡುವವರನ್ನು ನಾನು ಕಂಡಿರಲಿಲ್ಲ.

"ನಮ್ಮ ಆಯಿ, ಅವ್ವನ ಅವ್ವ, ಹಿಂಗ ಕುಂದರತಿದ್ಲಂತ," ಎಂದರು ಇವರು. ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ತುಂಬಿಸತೊಡಗಿದರು.

"ಹೋಗಬ್ಯಾಡ್ರಿ. ಯಾರು ಏನು ಗೊತ್ತಿಲ್ಲ."

"ನೀರ ಕೇಳಾಕತ್ತಾಳ ಸುಜಾತಾ. ನೀರ."

ಇವರು ಇಳಿದು ಹೋದರು. ನಾನೂ ಹಿಂದೆಯೇ ಇಳಿದೆ, ಇವರ ಬಾಯಿಯ ಮೇಲೆ ಕಣ್ಣಿಟ್ಟು. ಹೆದರಿಕೆಯ ನಡುವೆಯೂ ನನಗೆ ಅದೇ ಯೋಚನೆ. ಆ ನೀರು ಇವರ ಬಾಯಿಗೆ ಹೋಗಬಾರದು.

ಹತ್ತಿರ ಹೋದಂತೆ ಒಂದು ವಾಸನೆ ಬಂತು. ಹೊಸ ಗಡಿಗೆಗೆ ಮೊದಲ ಸಲ ನೀರು ತುಂಬಿದಾಗ ಬರುತ್ತದಲ್ಲ, ಆ ವಾಸನೆ. ಸುತ್ತಲಿನ ಮೀನಿನ ವಾಸನೆ ಅಲ್ಲಿ ಇರಲೇ ಇಲ್ಲ.

"ತಗೋ ಆಯಿ, ಕೈಯಾಗ ಹಿಡಕೋ," ಎಂದು ಇವರು ತಂಬಿಗೆಯನ್ನೇ ಚಾಚಿದರು. ಅವಳು ಕುಳಿತಲ್ಲೇ ಹಿಂದಕ್ಕೆ ಸರಿದಳು. ಸೆರಗು ಇನ್ನೂ ಕೆಳಗೆ ಬಂತು.

"ಬ್ಯಾಡೋ ಯಪ್ಪಾ. ನಿನಗ ಬೈತಾರ."

ಯಾರು ಬೈಯುತ್ತಾರೆ? ಅಲ್ಲಿ ಯಾರಿದ್ದರು?

ಇವರು ಮೇಲಿನಿಂದಲೇ ಹೊಯ್ದರು. ಅವಳು ಬೊಗಸೆಯನ್ನು ಬಾಯಿಗೆ ತಂದುಕೊಂಡಳು. ಒಂದು ತಂಬಿಗೆ ಮುಗಿಯಿತು. ಇವರು ಹೋಗಿ ಇನ್ನೊಂದು ತಂದರು. ಅದೂ ಮುಗಿಯಿತು. ಮೂರನೆಯದು ತರುವಾಗ ಇವರ ಉಸಿರು ಏರಿತ್ತು. ಎಡಗೈ ಇವರದು ಡಯಾಲಿಸಿಸ್ ಸೂಜಿ ಚುಚ್ಚುವ ಕೈ, ಆ ಕೈಗೆ ಭಾರ ಹಾಕುವ ಹಾಗಿಲ್ಲ. ನಾನು ತಂಬಿಗೆ ಇಸಿದುಕೊಂಡೆ.

"ನೀವು ನಿಂದರ್ರಿ. ನಾ ಹಾಕ್ತೀನಿ."

ಮೂರನೆಯದನ್ನು ನಾನು ಹೊಯ್ದೆ. ಆಗ ಅವಳ ಕೈಗಳನ್ನು ಹತ್ತಿರದಿಂದ ನೋಡಿದೆ. ಒಣಗಿ ಸುಕ್ಕಾದ ಕೈಗಳು, ಮಣಿಕಟ್ಟಿನ ಮೇಲೆ ಹಸಿರು ಹಚ್ಚೆಯ ಚುಕ್ಕಿಗಳು. ಒಂದು ಹನಿಯೂ ಬೆರಳ ಸಂದಿಯಿಂದ ಸೋರುತ್ತಿರಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದು ನೋಡಿ, ಸೋರದೇ ಇರುತ್ತದೆಯೇ? ಕೆಳಗಿನ ನೆಲ ಒಣಗಿ ಬಿರುಕು ಬಿಟ್ಟ ಹಾಗೇ ಇತ್ತು.

ನಾಲ್ಕನೆಯದು... ಐದನೆಯದು...

ಐದನೆಯದನ್ನು ಹೊಯ್ಯುವಾಗ ಒಂದು ಸದ್ದು ಕಿವಿಗೆ ಬಿತ್ತು. ಗುಟುಕ್... ಗುಟುಕ್... ನೀರು ಕುಡಿಯುವ ಸದ್ದು. ಅಷ್ಟು ಹೊತ್ತೂ ಅದು ಕೇಳುತ್ತಲೇ ಇತ್ತು, ನಾನು ಗಮನಿಸಿರಲಿಲ್ಲ. ಆದರೆ ಅದು ಮುಂದಿನಿಂದ ಬರುತ್ತಿರಲಿಲ್ಲ.

ಹಿಂದಿನಿಂದ ಬರುತ್ತಿತ್ತು.

ತಿರುಗಿದೆ. ಇವರು ಕೈ ಕೆಳಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಬಾಯಿ ಮುಚ್ಚಿಯೇ ಇತ್ತು. ಗಂಟಲ ಮಣಿ ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು. ಅವಳು ಬೊಗಸೆ ಬಾಯಿಗೆ ತಂದಾಗೊಮ್ಮೆ ಇವರ ಗಂಟಲು ಗುಟುಕ್ ಎನ್ನುತ್ತಿತ್ತು. ಮುಖದಲ್ಲಿ ಅದೆಂಥ ಸಮಾಧಾನ... ಮದುವೆಯಾಗಿ ಹದಿನೇಳು ವರ್ಷದಲ್ಲಿ ಇವರ ಮುಖ ಹಾಗೆ ಇದ್ದುದನ್ನು ನಾನು ನೋಡಿಲ್ಲ.

ನನ್ನ ಕೈ ನಿಂತಿತು.

"ಇನ್ನೊಂದೀಟ ಹಾಕವ್ವಾ," ಎಂದಳು ಮುದುಕಿ.

ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಟಾಕಿಯಲ್ಲಿ ಎಪ್ಪತ್ತು ಲೀಟರಿಗೆ ಕಡಿಮೆ ಇರಲಿಲ್ಲ. ನನಗೆ ವಿಜ್ಞಾನ ನೆನಪಾಗಲಿಲ್ಲ, ಏನೂ ನೆನಪಾಗಲಿಲ್ಲ. ಇವರ ಗಂಟಲು ಮಾತ್ರ ಕಾಣುತ್ತಿತ್ತು. ನನ್ನ ಬಾಯಿಂದ, ದಿನಕ್ಕೆ ಇಪ್ಪತ್ತು ಸಲ ಬರುವ ಹಾಗೆಯೇ, ಆ ಮಾತು ಬಂತು.

"ಇಲ್ಲ ಆಯಿ. ನೀರ ಮುಗೀತು."

ಅವಳು ನನ್ನ ಕೈಯ ತಂಬಿಗೆಯ ಕಡೆ ನೋಡಿದಳು ಎಂದು ಕಾಣುತ್ತದೆ. ಸೆರಗು ಸ್ವಲ್ಪ ಅಲುಗಿತು. ಬೈಯಲಿಲ್ಲ, ಶಾಪ ಹಾಕಲಿಲ್ಲ.

"ಆಗಲವ್ವಾ," ಎಂದಳು.

ಎದ್ದು, ಬೆನ್ನು ಬಗ್ಗಿಸಿ, ಬಾವಿಯ ಕಡೆ ನಡೆದುಹೋದಳು. ಹಿನ್ನೀರಿನ ಕಡೆಗಲ್ಲ. ಬೆಳಕು ಮುಗಿದ ಮೇಲೆ ಕಾಣಲಿಲ್ಲ. ಹೆಜ್ಜೆಯ ಸದ್ದೂ ಇರಲಿಲ್ಲ.

ನಾನು ಇವರ ರಟ್ಟೆ ಹಿಡಿದು ಎಳೆದುಕೊಂಡು ಬಂದು ಗಾಡಿಯ ಬಾಗಿಲು ಹಾಕಿದೆ. ಇವರು ನಿದ್ದೆಯಿಂದ ಎದ್ದವರ ಹಾಗೆ ನನ್ನನ್ನು ನೋಡಿದರು.

"ಆಕಿಗೆ ಇಲ್ಲ ಅಂದಿ?"

"ಹೂಂ."

"ಟಾಕಿ ತುಂಬ ನೀರ ಇಟಗೊಂಡು? ನೀನ? ಈ ಮಾತ ಕೇಳಕೋತ ಬಂದ ನಾವ?"

"ಹೂಂ, ಅಂದೆ. ಮಕ್ಕೋರಿ."

ಇವರು ಗೋಡೆಗೆ ಮುಖ ಮಾಡಿ ಮಲಗಿದರು. ನಾನು ದೀಪ ಆರಿಸಲಿಲ್ಲ. ಪಂಪಿನ ಸ್ವಿಚ್ಚು ಬಂದ್ ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು ಕೆಳಗೆ ಕುಳಿತೆ. ಹೊರಗಿನಿಂದ ಮತ್ತೆ ಯಾರೂ ಕೇಳಲಿಲ್ಲ. ಆದರೆ ಆ ಹೊಸ ಗಡಿಗೆಯ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬರುತ್ತಲೇ ಇತ್ತು, ನಸುಕಿನ ತನಕ.

ನಸುಕಿನಲ್ಲಿ ಇವರು ಎದ್ದು ಕುಳಿತರು. ಮಲಗಲು ಆಗುತ್ತಿಲ್ಲ ಎಂದರು. ಉಸಿರಾಡಿದರೆ ಎದೆಯೊಳಗೆ ಗೊರಗೊರ. ಮುಖ ಊದಿತ್ತು. ಕಾಲನ್ನು ಬೆರಳಿನಿಂದ ಒತ್ತಿದೆ, ಕುಣಿ ಬಿದ್ದು ಹಾಗೇ ನಿಂತಿತು.

ತೂಕದ ಯಂತ್ರದ ಮೇಲೆ ಹಿಡಿದು ನಿಲ್ಲಿಸಿದೆ.

ಅರವತ್ತೆರಡೂವರೆ.

ಇಳಿಸಿ ಮತ್ತೆ ನಿಲ್ಲಿಸಿದೆ. ಅದೇ. ನಾನು ನಿಂತು ನೋಡಿದೆ, ನನ್ನ ತೂಕ ಸರಿಯಾಗಿಯೇ ತೋರಿಸಿತು. ಒಂದೇ ರಾತ್ರಿಯಲ್ಲಿ ನಾಲ್ಕೂವರೆ ಕಿಲೋ. ನಾಲ್ಕೂವರೆ ಲೀಟರ್ ನೀರು. ನಾಲ್ಕು ತಂಬಿಗೆ, ಮೇಲೆ ಅರ್ಧ...

ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಇವರನ್ನು ದಿಂಬಿಗೆ ಒರಗಿಸಿ ಕೂರಿಸಿ, ನಾನೇ ಸ್ಟೇರಿಂಗ್ ಹಿಡಿದೆ. ಗಾಡಿ ಓಡಿಸಲು ಇವರೇ ಕಲಿಸಿದ್ದರು, ಇಂಥ ದಿನಕ್ಕೇ ಎಂದು. ಗಾಲಿಗೆ ಕೊಟ್ಟ ಕಲ್ಲು ಮರೆತೇಹೋಗಿತ್ತು. ಗಾಡಿ ಅಲುಗದೆ ಇಂಜಿನ್ ಚೀರುವುದನ್ನು ಕೇಳಿ ನಿಂಗಪ್ಪ ಕಾಕಾ ಓಡಿ ಬಂದರು. ಕಲ್ಲು ತೆಗೆದು, ಕಿಟಕಿಯ ಹತ್ತಿರ ಬಂದರು.

"ಏನಾತ್ರಿ ಅಕ್ಕಾರ, ಸರಗ ಆರಾಮಿಲ್ಲೇನ್ರಿ? ರಾತ್ರಿ ಭಾಳ ದಣದಿರಬೇಕ ಬಿಡ್ರಿ. ಅಷ್ಟ ಮಂದಿಗೆ ನೀರ ಹಾಕೂದಂದ್ರ..."

ನಾನು ಗೇರು ಹಾಕಿದ್ದವಳು ಹಾಗೇ ನಿಂತೆ.

"ಎಷ್ಟ ಮಂದಿಗೆ ಕಾಕಾ?"

"ನಾ ಏನ ಎಣಸಿಲ್ರಿ. ಹಂದಿ ಬಂದಾವೇನಂತ ಎದ್ದು ಹೊರಗ ಬಂದಿದ್ದೆ. ನಿಮ್ಮ ಗಾಡಿ ಮುಂದಿಂದ ಬಾವಿತನಾ ಪಾಳಿ ಹಚ್ಚಿ ಕುಂತಿದ್ರಲ್ರಿ, ಹೆಂಗಸ್ರು, ಗಂಡಸ್ರು, ಸಣ್ಣ ಹುಡುಗ್ರು. ಎಲ್ಲಾರೂ ಹಿಂಗ ಕೈ ಹಿಡಕೊಂಡು. ನಿಮ್ಮ ಪೈಕಿ ಮಂದಿ ಬಂದಾರ, ಏನೋ ಪೂಜಿ ಐತಿ ಅಂತ ತಿಳದೆ."

ಅವರು ಎರಡೂ ಕೈಗಳನ್ನು ಬೊಗಸೆ ಮಾಡಿ ತೋರಿಸಿದರು.

"ನೀವು ಬಾಗಲಾ ಹಾಕಿಕೊಂಡ ಮ್ಯಾಲೂ ಎದ್ದಿಲ್ರಿ ಅವರು. ಕುಂತ ಇದ್ರು. ನಸುಕಿನ್ಯಾಗ ನೋಡಿದ್ರ ಒಬ್ಬರೂ ಇಲ್ಲ. ಎಲ್ಲಿ ಹ್ವಾದ್ರಿ ಅವರು?"

ನಾನು ಗಾಡಿ ಬಿಟ್ಟೆ.

ಗೋಕಾಕ ಮುಟ್ಟಲು ಒಂದು ತಾಸು. ಆ ಒಂದು ತಾಸು ಹಿಂದಿನಿಂದ ಬರುವ ಇವರ ಉಸಿರನ್ನು ಕೇಳುತ್ತಾ ಓಡಿಸಿದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತಡವಾದರೆ "ರೀ" ಎನ್ನುತ್ತಿದ್ದೆ. "ಹೂಂ" ಎನ್ನುತ್ತಿದ್ದರು. ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ಹೂಂ ಬರಲಿಲ್ಲ. ನಾನು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಆಮ್ಲಜನಕ ಹಚ್ಚಿ ನೇರ ಡಯಾಲಿಸಿಸ್‌ಗೆ ಒಯ್ದರು. ಅವತ್ತು ಒಮ್ಮೆ, ಮರುದಿನ ಮತ್ತೊಮ್ಮೆ ನೀರು ತೆಗೆದರು. ನಮ್ಮನ್ನು ಮೂರು ವರ್ಷದಿಂದ ಬಲ್ಲ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಗದರಿದರು.

"ಅಕ್ಕಾರ, ನೀವು ಓದಿದವರು. ಎಷ್ಟ ಕುಡಿಸೀರಿ ಇವರಿಗೆ? ಇನ್ನ ಒಂದ ಲೀಟರ್ ಆಗಿದ್ರ ನೀವು ಇಲ್ಲಿತನಾ ಬರತಿದ್ದಿಲ್ಲ."

ಕುಡಿಸಿಲ್ಲ ಎಂದೆ. ಅವರು ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ನಾನು ಏಳುವ ಮುಂಚೆ ಇವರು ನಳದಿಂದ ಕುಡಿದಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಪಂಪು ಶುರುವಾದ ಕೂಡಲೇ ನಾನು ಎದ್ದಿದ್ದೆ, ಅಷ್ಟರಲ್ಲಿ ನಾಲ್ಕೂವರೆ ಲೀಟರ್ ಕುಡಿಯಲು ಯಾರಿಗೂ ಆಗುವುದಿಲ್ಲ. ಮೇಲಾಗಿ ನಿಂಗಪ್ಪ ಕಾಕಾ ಕಂಡ ಆ ಪಾಳಿ ಬೇರೆ.

ವಾರ್ಡಿನಲ್ಲಿ ಎರಡನೇ ರಾತ್ರಿ ಇವರು ನನ್ನ ಕೈ ಹಿಡಿದುಕೊಂಡರು.

"ಸುಜಾತಾ, ಒಂದ ಮಾತ ಹೇಳಲೇನ? ಸಿಟ್ಟ ಆಗಬಾರದು."

"ಹೇಳ್ರಿ."

"ಮೂರ ವರ್ಷದಾಗ ಅದೊಂದ ರಾತ್ರಿ ನನ್ನ ನೀರಡಿಕಿ ತೀರಿತ್ತು. ನೀ ಹಾಕಿದ ಒಂದೊಂದ ಗುಟುಕೂ ನನ್ನ ಗಂಟಲಾಗ ಇಳೀತಿತ್ತು. ತಣ್ಣಗ. ಗಡಿಗ್ಯಾನ ನೀರ ಇದ್ದಂಗ."

"ಗೊತ್ತಾಗಿತ್ತೇನ ನಿಮಗ? ಹಂಗಾರ ಅಲ್ಲೇ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ನಿಂದರಸ್ತಿದ್ದಿ," ಎಂದರು.

ಇವರು ಬದುಕಿದರು. ಮತ್ತೆ ಅದೇ ಮಂಗಳವಾರ, ಗುರುವಾರ, ಶನಿವಾರ. ಮಳೆಗಾಲ ಬಂತು, ಡ್ಯಾಮು ತುಂಬಿತು, ಆ ಜಾಗ ನೀರಿನ ಕೆಳಗೆ ಹೋಯಿತು. ನಾನು ನಿಟ್ಟುಸಿರು ಬಿಟ್ಟೆ. ಈ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈಗ ಮತ್ತೆ ಬೇಸಿಗೆ. ಒಂದು ತಿಂಗಳಿಂದ ಇವರು ದಿನಾ ಬೆಳಿಗ್ಗೆ ಪೇಪರಿನಲ್ಲಿ ಡ್ಯಾಮಿನ ನೀರಿನ ಮಟ್ಟ ಹುಡುಕುತ್ತಾರೆ. ಹೋದ ವಾರ ಗಾಡಿ ತೊಳೆದರು. ಮೊನ್ನೆ ನಾನು ಶಾಲೆಯಿಂದ ಬಂದಾಗ ಟಾಕಿಗೆ ಪೈಪು ಹಾಕಿ ನೀರು ತುಂಬಿಸುತ್ತಿದ್ದರು.

"ಎಲ್ಲಿಗ್ರಿ?" ಎಂದೆ.

"ಪಾಳಿ ಅರ್ಧಕ್ಕ ಬಿಟ್ಟ ಬಂದೇವಿ. ಕುಂತಿರ್ತಾರ ಅವರು. ಕಾಯೂದು ಅವರಿಗೆ ಹೊಸದೇನಲ್ಲ."

"ನೀವು ಹೋಗೂದು ಅವರ ಸಲುವಾಗೋ, ನಿಮ್ಮ ಸಲುವಾಗೋ? ಖರೆ ಹೇಳ್ರಿ."

ಪೈಪಿನ ನೀರು ಟಾಕಿ ತುಂಬಿ ಹೊರಗೆ ಹರಿಯಿತು. ಇವರು ಬಗ್ಗಿ ನಳ ಬಂದ್ ಮಾಡಿದರು.

"ಗೊತ್ತಿಲ್ಲ," ಎಂದರು.

ಅವತ್ತು ರಾತ್ರಿಯೇ ಗಾಡಿಯ ಚಾವಿ ತೆಗೆದು, ಮರುದಿನ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಇವರು ಕೇಳಿಲ್ಲ. ಗಾಡಿ ಕಟ್ಟಿದವರಿಗೆ ಚಾವಿ ಬೇಕೇಬೇಕು ಎಂದೇನಿಲ್ಲ, ಅದು ನನಗೂ ಗೊತ್ತು. ಅದಕ್ಕೇ ರಾತ್ರಿ ಎರಡೆರಡು ಸಲ ಎದ್ದು ಅಂಗಳದಲ್ಲಿ ಗಾಡಿ ಇದೆಯೇ ಎಂದು ನೋಡುತ್ತೇನೆ.

ಆ ಆಯಿಗೆ, ಅವಳ ಹಿಂದೆ ಕುಳಿತ ಆ ಸಣ್ಣ ಮಕ್ಕಳಿಗೆ, ನಮ್ಮವರೇ ಆದ ಅವರಿಗೆಲ್ಲ, ಚಾವಿ ಮುಚ್ಚಿಟ್ಟು ಎರಡನೇ ಸಲವೂ ಇಲ್ಲ ಎಂದವಳು ನಾನೇ. ನನಗೆ ನನ್ನ ಗಂಡ ಬೇಕು. ಇನ್ನೊಂದು ಸಲ ಬಂದು ಕೇಳಿದರೂ ಇಲ್ಲ ಎಂದೇ ಹೇಳುತ್ತೇನೆ, ಮತ್ತೆ ಹೀಗೇ ಕುಳಿತು ಅಳುತ್ತೇನೆ.